ಮೊಣಕಾಲುದ್ದದ ಸಮುದ್ರ

ಜಯನಗರದ ಹೆಣ್ಣುಮಕ್ಕಳ ಮಿಡ್ಲ್‌ಸ್ಕೂಲಿನಲ್ಲಿ ಕಮಲಾದೇವಿ ಹನ್ನೊಂದು ವರ್ಷ ಸಮುದ್ರದ ಪಾಠ ಮಾಡಿದ್ದಳು. ಗೋಡೆಗೆ ನಕ್ಷೆ ತೂಗುಹಾಕಿ, ಬೆತ್ತದ ತುದಿಯನ್ನು ಅರಬ್ಬಿ ಸಮುದ್ರದ ಮೇಲೆ ಆಡಿಸುತ್ತ, ಉಬ್ಬರ ಎಂದರೇನು, ಇಳಿತ ಎಂದರೇನು, ಬಂದರುಗಳು ಯಾವುವು ಎಂದು ಹೇಳುತ್ತಿದ್ದಳು. ಮಕ್ಕಳು ಬರೆದುಕೊಳ್ಳುತ್ತಿದ್ದರು. ೧೯೬೧ರ ನವೆಂಬರಿನಲ್ಲಿ ಒಂದು ದಿನ ಏಳನೇ ಕ್ಲಾಸಿನ ಸರಸ್ವತಿ ಎದ್ದುನಿಂತಳು.

"ಟೀಚರ್, ಸಮುದ್ರದ ನೀರನ್ನ ಬೊಗಸೇಲಿ ಹಿಡಿದ್ರೂ ನೀಲಿಯಾಗೇ ಇರುತ್ತಾ?"

ಕಮಲಾದೇವಿ ಹಿರಿಯೂರು ಕಡೆಯವಳು. ಕೆರೆಯಲ್ಲಿ ನೀರಿಗಿಂತ ಬಿರುಕನ್ನೇ ಹೆಚ್ಚು ನೋಡಿ ಬೆಳೆದವಳು. ಮದುವೆಯಾಗಿ ಬೆಂಗಳೂರಿಗೆ ಬಂದಮೇಲೆ ಮೈಸೂರು, ಸಿದ್ಧಗಂಗೆ, ಶಿವಗಂಗೆ ಬಿಟ್ಟರೆ ಬೇರೆ ಊರು ಕಂಡಿರಲಿಲ್ಲ. ಏನಾದರೊಂದು ಉತ್ತರ ಹೇಳಿಬಿಡಬಹುದಿತ್ತು. ಆದರೆ ಆ ಹುಡುಗಿ ನಿಜವಾಗಿಯೂ ತಿಳಿಯಬೇಕೆಂದು ಕೇಳಿದ್ದಳು.

"ನಂಗೊತ್ತಿಲ್ಲ ಕಣಮ್ಮ. ನಾನೂ ಸಮುದ್ರ ನೋಡಿಲ್ಲ," ಎಂದಳು.

ಟೀಚರ್‌ಗೂ ಗೊತ್ತಿಲ್ಲದ್ದು ಇರುತ್ತದೆಂಬುದು ಆ ಮಕ್ಕಳಿಗೆ ಅದೇ ಮೊದಲು ತಿಳಿದದ್ದು. ಒಂದು ವಾರ ಕಳೆದ ಮೇಲೆ ಕಮಲಾದೇವಿ ಹೆಡ್‌ಮಿಸ್ಟ್ರೆಸ್ ಗಿರಿಜಾದೇವಿಯವರ ಕೋಣೆಗೆ ಹೋದಳು. ಪ್ರತಿವರ್ಷ ಏಳನೇ ಕ್ಲಾಸಿನವರನ್ನು ಎಲ್ಲಿಗಾದರೂ ಪ್ರವಾಸ ಕರೆದುಕೊಂಡು ಹೋಗುವುದಿತ್ತು. ಈ ಸಲ ಕಡಲತೀರಕ್ಕೆ ಹೋಗೋಣ ಎಂದಳು.

ಅವಳು ಆಗಲೇ ವಿಚಾರಿಸಿ ಇಟ್ಟಿದ್ದಳು. ಮಂಗಳೂರಿನಿಂದ ಉತ್ತರಕ್ಕೆ ಹೊಯ್ಗೆಪೇಟೆ, ಕಲ್ಲುಕೋಡಿ ಎಂದು ಅಕ್ಕಪಕ್ಕದ ಎರಡು ಊರುಗಳು. ನಡುವೆ ಒಂದು ಹೊಳೆ, ಅದನ್ನು ದಾಟಲು ದೋಣಿ. ಹೊಯ್ಗೆಪೇಟೆಯಲ್ಲಿ ಎರಡು ಮೈಲಿ ಉದ್ದಕ್ಕೆ ಮರಳು. ಕಲ್ಲುಕೋಡಿಯಲ್ಲಿ ಬಂಡೆಗಳು, ಬಂಡೆಗಳ ನಡುವೆ ಸಣ್ಣ ಕೊಲ್ಲಿ. ಬೇಸಿಗೆಯಲ್ಲಿ ದೊಡ್ಡ ಊರುಗಳವರು ಗಾಳಿ ಬದಲಾವಣೆಗೆಂದು ಎರಡೂ ಕಡೆ ಬಂದು ವಾರಗಟ್ಟಲೆ ಇರುತ್ತಾರಂತೆ. ತಂಗಲು ಶಾಲೆಯ ಕಟ್ಟಡ ಬಿಟ್ಟುಕೊಡುತ್ತಾರಂತೆ.

ಗಿರಿಜಾದೇವಿಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹೋಗಿ. ಆದ್ರೆ ಮಕ್ಕಳು ನೀರಿಗೆ ಇಳಿಯೋ ಹಾಗಿಲ್ಲ."

"ಅಷ್ಟು ದೂರ ಹೋಗಿ ದಡದಲ್ಲಿ ನಿಂತು ಬರೋದಾ ಮೇಡಂ? ಅದಕ್ಕೆ ನಕ್ಷೇನೇ ಸಾಕಲ್ಲ."

"ಹದಿನೆಂಟು ಹೆಣ್ಣುಮಕ್ಕಳು. ಒಂದಕ್ಕೇನಾದ್ರೂ ಆದ್ರೆ ಅದರ ತಾಯಿ ಮುಂದೆ ನಿಲ್ಲೋಳು ನಾನು. ಗಂಡಸು ಮೇಷ್ಟ್ರು ಈ ವಯಸ್ಸಿನ ಹುಡುಗೀರ ಜೊತೆ ನೀರಿಗೆ ಇಳಿಯೋಕಾಗಲ್ಲ. ನಮ್ಮ ಟೀಚರುಗಳಲ್ಲಿ ಈಜು ಬರೋರು ಒಬ್ಬರಿದ್ದಾರಾ ಹೇಳಿ. ಇದ್ದಿದ್ರೆ ಬೇಡ ಅನ್ನುತ್ತಿರಲಿಲ್ಲ."

"ಪ್ರವಾಸ ಯಾವಾಗ ಇಟ್ಕೊಳ್ಳೋಣ ಮೇಡಂ?"

"ಫೆಬ್ರವರಿ ಕೊನೇಲಿ."

"ಅಷ್ಟರಲ್ಲಿ ನಾನು ಕಲೀತೀನಿ," ಎಂದಳು ಕಮಲಾದೇವಿ.

ಗಿರಿಜಾದೇವಿಯವರು ನಗಲಿಲ್ಲ. ಆದರೆ ನಂಬಲೂ ಇಲ್ಲ.

ಕಲಿಯುತ್ತೇನೆಂದು ಹೇಳಿಬಂದದ್ದೇನೋ ಆಯಿತು, ಕಲಿಸುವವರು ಯಾರು? ಊರಿನಲ್ಲಿ ಈಜುಕೊಳ ಇಲ್ಲದಿರಲಿಲ್ಲ. ಅಲ್ಲಿ ಹೋಗಿ ವಿಚಾರಿಸಿದರೆ ಬಾಗಿಲಲ್ಲಿದ್ದವನು ಅವಳನ್ನು ಮೇಲಿಂದ ಕೆಳಗೆ ನೋಡಿ, "ಮಗನ್ನ ಸೇರಿಸ್ಬೇಕಾ ಅಮ್ಮಾ?" ಎಂದು ಕೇಳಿದ. ಅವಳು ತಿರುಗಿ ಬಂದಳು. ಮನೆಯಲ್ಲಿ ಗಂಡ ಗೌರೀಶಂಕರನಿಗೆ ಹೇಳಿದಾಗ ಅವನು ಪೇಪರು ಮಡಿಸಿ, "ಮೂವತ್ತಾರು ವರ್ಷಕ್ಕೆ ಈಜಾ ಕಮಲ?" ಎಂದ. ಬೇಡ ಎನ್ನಲಿಲ್ಲ, ಅದೇ ದೊಡ್ಡದು.

ದಾರಿ ತಾನಾಗಿ ಬಾಗಿಲಿಗೇ ಬಂತು. ಸುದ್ದಗುಂಟೆಪಾಳ್ಯದ ಅಕ್ಕಯಮ್ಮ ಬೆಳಿಗ್ಗೆ ತಲೆಯ ಮೇಲೆ ಸೊಪ್ಪಿನ ಬುಟ್ಟಿ ಹೊತ್ತು ಜಯನಗರದ ಹೊಸ ಮನೆಗಳಿಗೆ ಬರುತ್ತಿದ್ದಳು. ಐವತ್ತು ದಾಟಿದ ಗಟ್ಟಿ ಹೆಂಗಸು. ಅವಳ ತೋಟದಲ್ಲಿ ಬಾವಿ ಇದೆಯೆಂದು ಕಮಲಾದೇವಿಗೆ ಗೊತ್ತಿತ್ತು. ದಂಟಿನಸೊಪ್ಪಿನ ಕಟ್ಟು ಕೈಗೆ ತೆಗೆದುಕೊಳ್ಳುತ್ತ, "ನಿಮ್ಮ ಕಡೆ ಹೆಂಗಸರು ಯಾರಿಗಾದ್ರೂ ಈಜು ಬರುತ್ತಾ ಅಕ್ಕಯಮ್ಮ?" ಎಂದು ಕೇಳಿದಳು.

"ಇದೇನ್ ಹಿಂಗ್ ಕೇಳ್ತೀರ ಟೀಚರಮ್ಮ? ಬಾವಿ ಇರೋ ಮನೇಲಿ ಹುಟ್ಟಿ ಈಜು ಬರ್ದೆ ಇದ್ರೆ ಆಯ್ತದಾ? ನಮ್ಮಪ್ಪ ನನ್ನ ಸೊಂಟಕ್ಕೆ ಹಗ್ಗ ಕಟ್ಟಿ ಎಸೆದಾಗ ನಂಗೆ ಆರು ವರ್ಷ."

"ನಂಗೆ ಕಲಿಸ್ತೀಯಾ?"

ಅಕ್ಕಯಮ್ಮ ಬುಟ್ಟಿಯನ್ನು ಕೆಳಗಿಟ್ಟು ಅವಳ ಮುಖ ನೋಡಿದಳು. ತಮಾಷೆಯಲ್ಲ ಎಂದು ಖಾತ್ರಿಯಾದ ಮೇಲೆ, "ಭಾನುವಾರ ಹೊತ್ತಾರೆ ಬನ್ನಿ. ಹಳೇ ಸೀರೆ ತನ್ನಿ. ಏನೂ ತಿಂದ್ಕೊಂಡ್ ಬರ್ಬೇಡಿ," ಎಂದಳು.

ಡಿಸೆಂಬರಿನ ಚಳಿ. ರಾಗಿ ಕೊಯ್ದ ಹೊಲಗಳ ಮೇಲೆ ಮಂಜು ಕೂತಿತ್ತು. ಬಾವಿಗೆ ಮೂರು ಕಡೆ ಕಲ್ಲಿನ ಗೋಡೆ, ಒಂದು ಕಡೆ ಮೆಟ್ಟಿಲು. ನೀರಿನ ಮೇಲೆ ತೆಳ್ಳಗೆ ಹಬೆಯಾಡುತ್ತಿತ್ತು. ಅಕ್ಕಯಮ್ಮ ಅವಳಿಗೆ ಸೀರೆಯನ್ನು ಬಿಗಿಯಾಗಿ ಕಚ್ಚೆ ಹಾಕಿ ಉಡಿಸಿದಳು. ಬೆನ್ನಿಗೆ ಎರಡು ಒಣಗಿದ ಸೋರೆಬುರುಡೆ ಕಟ್ಟಿದಳು. ಕೊರಳಲ್ಲಿದ್ದ ಲಿಂಗದ ಕರಡಿಗೆ ನೋಡಿ, "ಇದ್ನ ಮೆಟ್ಲ ಮೇಲೆ ಇಟ್ಬಿಡಿ. ಬಿದ್ದೋದ್ರೆ ಕಷ್ಟ," ಎಂದಳು.

"ಅದನ್ನ ಮೈಮೇಲಿಂದ ತೆಗೆಯೋ ಹಾಗಿಲ್ಲ ಅಕ್ಕಯಮ್ಮ."

ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ, ಎದೆಗೆ ಅಡ್ಡಲಾಗಿ ಬಿಗಿದು ಕಟ್ಟಿಕೊಂಡಳು. ಆಮೇಲೆ ಮೆಟ್ಟಿಲು ಇಳಿದಳು. ನಾಲ್ಕನೆಯ ಮೆಟ್ಟಿಲಿನ ಹೊತ್ತಿಗೆ ಕಾಲು ನಿಂತುಬಿಟ್ಟಿತು. ಕೆಳಗೆ ತಳ ಕಾಣುತ್ತಿರಲಿಲ್ಲ. ಇನ್ನೊಂದು ಹೆಜ್ಜೆ ಇಡಲು ಅವಳಿಗೆ ಆ ದಿನ ಕಾಲುಗಂಟೆ ಬೇಕಾಯಿತು. ಅಕ್ಕಯಮ್ಮ ಅವಸರ ಮಾಡಲಿಲ್ಲ. ತಾನೇ ನೀರಿಗಿಳಿದು, ಕುತ್ತಿಗೆ ಮಟ್ಟ ಮುಳುಗಿ, ಕೈ ಚಾಚಿಕೊಂಡು ಕಾದಳು.

ಮೊದಲ ಮೂರು ವಾರ ಅವಳು ಕುಡಿದ ನೀರಿಗೆ ಲೆಕ್ಕವಿಲ್ಲ. ಕೈ ಆಡಿಸಿದರೆ ಕಾಲು ಮರೆಯುತ್ತಿತ್ತು, ಕಾಲು ಬಡಿದರೆ ಉಸಿರು ಮರೆಯುತ್ತಿತ್ತು. "ನೀರಿನ್ ಜೊತೆ ಜಗಳ ಆಡ್ಬೇಡಿ ಟೀಚರಮ್ಮ. ನೀವ್ ಸುಮ್ಕಿದ್ರೆ ಅದೂ ಸುಮ್ಕಿರ್ತದೆ," ಎಂದು ಅಕ್ಕಯಮ್ಮ ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ತೇಲಿಸುತ್ತಿದ್ದಳು. ಭಾನುವಾರ ಸಾಲದೆಂದು ಕಮಲಾದೇವಿ ಬುಧವಾರವೂ ಹೋಗತೊಡಗಿದಳು, ಆಮೇಲೆ ಶುಕ್ರವಾರವೂ. ಒದ್ದೆ ತಲೆಯಲ್ಲಿ ಸ್ಕೂಲಿಗೆ ಬರುವವಳನ್ನು ನೋಡಿ ಪಕ್ಕದ ಮನೆಯವರು ಏನೋ ವ್ರತವಿರಬೇಕೆಂದುಕೊಂಡರು. ಅವಳು ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ.

ಸಂಕ್ರಾಂತಿಗೆ ಎರಡು ದಿನ ಮೊದಲು ಅಕ್ಕಯಮ್ಮ ಒಂದು ಬುರುಡೆ ಬಿಚ್ಚಿದಳು. ಹಬ್ಬ ಕಳೆದ ವಾರ ಎರಡನೆಯದನ್ನೂ ಬಿಚ್ಚಿದಳು, ಹೇಳದೆಯೇ. ಕಮಲಾದೇವಿ ಆಚೆ ಗೋಡೆ ಮುಟ್ಟಿ ತಿರುಗಿ ಬಂದು ಮೆಟ್ಟಿಲು ಹಿಡಿದಾಗಲೇ ಬೆನ್ನು ಹಗುರಾಗಿದೆಯೆಂದು ಗೊತ್ತಾದದ್ದು. ಮೆಟ್ಟಿಲ ಮೇಲೆ ಕೂತು, ಸೀರೆಯ ನೀರು ಹಿಂಡುತ್ತ, ಅವಳು ಸದ್ದಿಲ್ಲದೆ ಅತ್ತಳು. ಅಕ್ಕಯಮ್ಮ ಬೇರೆ ಕಡೆ ನೋಡಿದಳು.

ಫೆಬ್ರವರಿ ಮೊದಲ ಭಾನುವಾರ ಗಿರಿಜಾದೇವಿಯವರು ಜಟಕಾದಲ್ಲಿ ಸುದ್ದಗುಂಟೆಪಾಳ್ಯಕ್ಕೆ ಬಂದರು. ಹೊಂಗೆಮರದ ಕೆಳಗೆ ಹಾಸಿದ ಚಾಪೆಯ ಮೇಲೆ ಕೊಡೆ ಹಿಡಿದು ಕೂತು, ಕಮಲಾದೇವಿ ಬಾವಿಯ ಈ ಗೋಡೆಯಿಂದ ಆ ಗೋಡೆಗೆ ಹನ್ನೆರಡು ಸಲ ಈಜುವುದನ್ನು ಎಣಿಸಿದರು. ಹದಿಮೂರನೆಯ ಸಲಕ್ಕೆ ಹೊರಟಾಗ, "ಸಾಕು, ಮೇಲೆ ಬನ್ನಿ," ಎಂದರು. ಮಾರನೆಯ ದಿನ ಹೆತ್ತವರಿಗೆಲ್ಲ ಕಾಗದ ಹೋಯಿತು.

ಹದಿನೇಳು ಮನೆಯವರು ಒಪ್ಪಿ ಸಹಿ ಹಾಕಿದರು. ಸರಸ್ವತಿಯ ತಂದೆ ಕರಿಬಸವಯ್ಯ ಮಾತ್ರ ಸಹಿಯ ಮೇಲೆ ಒಂದು ಸಾಲು ಬರೆದಿದ್ದ: 'ನೋಡುವುದಕ್ಕೆ ಮಾತ್ರ ಅಪ್ಪಣೆ. ನೀರು ಮುಟ್ಟತಕ್ಕದ್ದಲ್ಲ.' ಅವನದು ಬನಶಂಕರಿ ದಾರಿಯಲ್ಲಿ ಜವಳಿ ಅಂಗಡಿ. ಕಮಲಾದೇವಿ ಹೋಗಿ ಮಾತಾಡಿದಳು. ಅವನು ಗೌರವದಿಂದ ಕೂರಿಸಿ, ಕಾಫಿ ತರಿಸಿ, ಎಲ್ಲವನ್ನೂ ಕೇಳಿಸಿಕೊಂಡು ಇಲ್ಲವೆಂದು ತಲೆಯಾಡಿಸಿದ.

"ನಂಗೆ ಇರೋಳು ಒಬ್ಬಳೇ ಮಗಳು ಟೀಚರ್. ನಿಮ್ಮ ಮೇಲೆ ನಂಬಿಕೆ ಇದೆ. ನೀರಿನ್ ಮೇಲಿಲ್ಲ."

"ಆಯ್ತು. ಮುಟ್ಟಿಸೋದಿಲ್ಲ. ನನ್ನ ಮಾತು," ಎಂದು ಹೇಳಿ ಅವಳು ಎದ್ದಳು.

ಹದಿನೆಂಟು ಹುಡುಗಿಯರು, ಕಮಲಾದೇವಿ, ಜೊತೆಗೆ ಡ್ರಾಯಿಂಗ್ ಮೇಷ್ಟ್ರು ಅನಂತಪದ್ಮನಾಭ ಮತ್ತು ಅವರ ಹೆಂಡತಿ. ಗುರುವಾರ ಬೆಳಿಗ್ಗೆ ಬಸ್ಸು ಹೊರಟು, ಘಟ್ಟ ಇಳಿದು, ಸಂಜೆಯ ಹೊತ್ತಿಗೆ ಹೊಯ್ಗೆಪೇಟೆ ಸೇರಿತು. ಕಡಲು ಕಾಣುವುದಕ್ಕೆ ಮೊದಲೇ ಅದರ ಸದ್ದು ಕೇಳಿಸಿತು. "ಲಾರಿ ಬರ್ತಿದೆ," ಎಂದಳು ಒಬ್ಬಳು. ತೆಂಗಿನ ಮರಗಳ ಸಾಲು ಮುಗಿದು ಮರಳು, ಅದರಾಚೆ ಕಡಲು ತೆರೆದುಕೊಂಡಿತು. ಕಮಲಾದೇವಿಗೆ ತಾನು ಹನ್ನೊಂದು ವರ್ಷ ಬೆತ್ತ ಆಡಿಸಿದ್ದು ಇದರ ಮೇಲೆಯೇ ಎಂದು ನಂಬಲಾಗಲಿಲ್ಲ. ನಕ್ಷೆಯಲ್ಲಿ ಅದು ಅಲುಗಾಡುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಮಕ್ಕಳನ್ನು ಮರಳಿನ ಮೇಲೆ ಸಾಲಾಗಿ ಕೂರಿಸಿ, ಮೊದಲು ತಾನೊಬ್ಬಳೇ ಇಳಿದು ನೋಡುತ್ತೇನೆಂದಳು. ಸೊಂಟಕ್ಕೆ ಸೆರಗು ಬಿಗಿದು ಹೆಜ್ಜೆ ಇಟ್ಟಳು. ಬಾವಿಯ ನೀರು ನಿಂತ ಕಡೆಯೇ ನಿಂತಿರುತ್ತಿತ್ತು. ಈ ನೀರು ಎದುರಿನಿಂದ ಬರುತ್ತಿತ್ತು. ತೊಡೆಯ ಮಟ್ಟಕ್ಕೆ ಹೋಗಿದ್ದಳೋ ಇಲ್ಲವೋ, ಒಂದು ತೆರೆ ಎದೆಗೆ ಬಡಿದು ಅವಳನ್ನು ಎತ್ತಿ ಬೋರಲು ಹಾಕಿತು. ಮೇಲೆ ಯಾವುದು, ಕೆಳಗೆ ಯಾವುದು ತಿಳಿಯಲಿಲ್ಲ. ಮೂಗು, ಬಾಯಿ, ಕಿವಿಗೆಲ್ಲ ಉಪ್ಪುನೀರು, ಮರಳು. ಎದ್ದೇಳುವಷ್ಟರಲ್ಲಿ ಎರಡನೆಯದು ಬಂದು ಮತ್ತೆ ಉರುಳಿಸಿತು. ಮೊಣಕೈ ತರಚಿಸಿಕೊಂಡು, ಕೆಮ್ಮುತ್ತ, ನಾಲ್ಕು ಕಾಲಿನಲ್ಲಿ ದಡಕ್ಕೆ ಬಂದಾಗ ಎದೆಯ ಮೇಲಿನ ಗಂಟನ್ನು ಮುಟ್ಟಿ ನೋಡಿಕೊಂಡಳು. ಲಿಂಗ ಇತ್ತು.

ಹದಿನೆಂಟು ಮುಖಗಳು ಅವಳನ್ನೇ ನೋಡುತ್ತಿದ್ದವು. ಕೆಲವರ ಕಣ್ಣಲ್ಲಿ ನೀರಿತ್ತು.

ಅನಂತಪದ್ಮನಾಭ ಟವೆಲು ಕೊಟ್ಟರು. "ಕಮಲಾದೇವಿಯವರೇ, ತಪ್ಪು ತಿಳೀಬೇಡಿ. ನೀವು ಕಲ್ತಿದ್ದು ಬಾವೀಲಿ. ಇದು ಬಾವಿ ಅಲ್ಲ. ಮಕ್ಕಳು ದಡದಲ್ಲೇ ಆಡ್ಲಿ."

ಅವರ ಮಾತಿನಲ್ಲಿ ಕೊಂಕಿರಲಿಲ್ಲ. ಅದಕ್ಕೇ ಅದು ಹೆಚ್ಚು ಚುಚ್ಚಿತು.

"ಇವತ್ತು ದಡದಲ್ಲೇ ಇರ್ಲಿ ಸಾರ್. ನಾಳೆ ವಿಚಾರ ನಾಳೆ," ಎಂದಳು.

ದಡದಲ್ಲಿ ಮಾಡಲು ಕೆಲಸಕ್ಕೇನೂ ಕೊರತೆಯಿರಲಿಲ್ಲ. ಹುಡುಗಿಯರು ಲಂಗದ ಮಡಿಲ ತುಂಬ ಚಿಪ್ಪು ಆಯ್ದರು. ಒದ್ದೆ ಮರಳಿನಲ್ಲಿ ವಿಧಾನಸೌಧ ಕಟ್ಟಿದರು. ಅದರ ಮೆಟ್ಟಿಲುಗಳ ವಿಷಯದಲ್ಲಿ ಡ್ರಾಯಿಂಗ್ ಮೇಷ್ಟ್ರೇ ಕೂತು ಸಲಹೆ ಕೊಟ್ಟರು. ಏಡಿಗಳ ಹಿಂದೆ ಓಡಿದರು. ಹತ್ತು ಗಂಟೆಯ ಹೊತ್ತಿಗೆ ಬೆಸ್ತರು ದಡದಿಂದ ರಂಪಣಿ ಎಳೆಯತೊಡಗಿದರು. ಉದ್ದನೆಯ ಬಲೆ, ಎರಡು ತುದಿಗೂ ನಲವತ್ತು ಐವತ್ತು ಜನ. ಒಬ್ಬ ಮುದುಕ ಕೈಬೀಸಿ ಕರೆದದ್ದೇ ಹುಡುಗಿಯರು ಹೋಗಿ ಹಗ್ಗಕ್ಕೆ ಕೈಕೊಟ್ಟರು. ಸರಸ್ವತಿ ಹಗ್ಗದ ಹಿಂದಿನ ತುದಿಯಲ್ಲಿ, ಒಣ ಮರಳಿನ ಮೇಲೆ ನಿಂತು ಎಳೆದಳು. ನೀರು ಹತ್ತಿರ ಬಂದಾಗಲೆಲ್ಲ ಹಿಂದೆ ಸರಿಯುತ್ತಿದ್ದಳು.

ರಂಪಣಿ ಎಳೆಯುವವರಲ್ಲಿ ರಾಜೀವಿ ಎಂಬ ಹೆಂಗಸೊಬ್ಬಳಿದ್ದಳು. ಕಲ್ಲುಕೋಡಿಯವಳು. ಬೆಳಗಿನದನ್ನೆಲ್ಲ ನೋಡಿದ್ದಳು. ಬಲೆ ಮೇಲೆ ಬಂದು ಮೀನು ಪಾಲಾದ ಮೇಲೆ ಕಮಲಾದೇವಿಯ ಪಕ್ಕಕ್ಕೆ ಬಂದು ಕೂತಳು.

"ಎಂತ ಟೀಚರೇ, ತುಂಬ ನೀರು ಕುಡಿದ್ರಾ?"

"ಕುಡಿದೆ. ಈಜು ಬರುತ್ತೆ ಅಂದ್ಕೊಂಡಿದ್ದೆ."

"ಬರ್ತದೆ. ನಾನು ನೋಡಿದೆ. ಕೈಕಾಲು ಸರಿ ಉಂಟು. ಆದ್ರೆ ನೀವು ತೆರೆಗೆ ಎದುರು ಕಂಬದ ಹಾಗೆ ನಿಂತ್ರಿ. ಕಂಬ ಬೀಳ್ತದೆ ಮಾರಾಯ್ರೆ."

ಕಮಲಾದೇವಿ ಅಕ್ಕಯಮ್ಮನಿಗೆ ಕೇಳಿದ ಮಾತನ್ನೇ ಇವಳಿಗೂ ಕೇಳಿದಳು. ರಾಜೀವಿ ಕಡಲ ಕಡೆಗೊಮ್ಮೆ ನೋಡಿ ಹೇಳಿದಳು:

"ಇಲ್ಲಿ ಮಕ್ಕಳಿಗೆ ಆಗುದಿಲ್ಲ. ನಮ್ಮ ಕಲ್ಲುಕೋಡಿಗೆ ಬನ್ನಿ. ಬಂಡೆಯ ಒಳಗೆ ಸಣ್ಣ ಕೊಲ್ಲಿ ಉಂಟು, ತೆರೆ ಹೊರಗೇ ಒಡೀತದೆ. ನಾವು ಹೆಂಗಸರು ಚಿಪ್ಪು ಹೆಕ್ಕಲಿಕ್ಕೆ ಅಲ್ಲೇ ಇಳಿಯುದು. ನಾಳೆ ಬೆಳಿಗ್ಗೆ ಇಳಿತ. ಆರು ಗಂಟೆಗೆ ನೀವೊಬ್ರೇ ಬನ್ನಿ. ಸರಿಯಾದ್ರೆ ಮತ್ತೆ ಹಗ್ಗ ಕಟ್ಟಿ ಮಕ್ಕಳನ್ನು ಇಳಿಸುವ."

ಮಧ್ಯಾಹ್ನ ಊಟವಾದ ಮೇಲೆ ಸರಸ್ವತಿ ಕಮಲಾದೇವಿಯ ಹತ್ತಿರ ಬಂದು ನಿಂತಳು. ಬೇಡುವ ಹುಡುಗಿಯಲ್ಲ. ಯೋಚಿಸಿಕೊಂಡು ಬಂದಿದ್ದಳು.

"ಟೀಚರ್, ನಮ್ಮಪ್ಪಂಗೆ ಟೆಲಿಗ್ರಾಂ ಕೊಟ್ರೆ?"

"ಕೊಟ್ರೆ ಒಪ್ತಾರಾ?"

"ಗೊತ್ತಿಲ್ಲ. ಕೇಳದೇ ಹೋದ್ರೆ ಇಲ್ಲ ಅಂತಾನೇ ಉಳಿಯುತ್ತಲ್ಲ."

ಕಮಲಾದೇವಿಗೆ ಆ ಮಾತು ಹಿಡಿಸಿತು. ಇಬ್ಬರೂ ಹೊಯ್ಗೆಪೇಟೆಯ ಅಂಚೆಕಚೇರಿಗೆ ಹೋದರು. ಪೋಸ್ಟ್‌ಮಾಸ್ಟರು ವಯಸ್ಸಾದವರು, ವಿಷಯ ಕೇಳಿ ಅವರಿಗೂ ಹುಮ್ಮಸ್ಸು ಬಂತು. 'ಮಗಳು ಸಮುದ್ರಸ್ನಾನಕ್ಕೆ ಅಪ್ಪಣೆ ಕೇಳುತ್ತಾಳೆ. ಟೀಚರ್ ಜೊತೆಗೆ ಹಗ್ಗ ಹಿಡಿದು. ಉತ್ತರಿಸಿ,' ಎಂಬುದನ್ನು ಇಂಗ್ಲಿಷಿಗೆ ಇಳಿಸಿ, ಒಂದೊಂದೇ ಪದ ಕತ್ತರಿಸಿ ಚಿಕ್ಕದು ಮಾಡಿ, ಕಟಕಟನೆ ಕಳಿಸಿದರು. ಉತ್ತರ ಬಂದರೆ ಜವಾನನ ಕೈಲಿ ತಲುಪಿಸುವುದಾಗಿ ಹೇಳಿದರು.

ಶನಿವಾರ ಬೆಳಕು ಹರಿಯುವ ಹೊತ್ತಿಗೆ ಕಮಲಾದೇವಿ ದೋಣಿಯಲ್ಲಿ ಹೊಳೆ ದಾಟಿದಳು. ಅನಂತಪದ್ಮನಾಭರ ಹೆಂಡತಿ ಮಕ್ಕಳ ಜೊತೆ ಉಳಿದರು. ಕಲ್ಲುಕೋಡಿಯ ಬಂಡೆಗಳ ನಡುವೆ ನೀರು ಹಸಿರಾಗಿ, ತಳದ ಮರಳು ಕಾಣುವಷ್ಟು ತಿಳಿಯಾಗಿತ್ತು. ರಾಜೀವಿ ಮೊದಲು ಅವಳನ್ನು ಕೊಲ್ಲಿಯ ಬಾಯಿಗೆ, ತೆರೆ ಒಡೆಯುವ ಕಡೆಗೇ ಕರೆದುಕೊಂಡು ಹೋದಳು.

"ಹೆದರಿಕೆ ಇಲ್ಲೇ ಬಿಡ್ಬೇಕು. ಒಳಗೆ ಮತ್ತೆ ಸಲೀಸು. ತೆರೆ ಬಂತು, ತಲೆ ತಗ್ಗಿಸಿ, ಅದರ ಅಡಿಯಿಂದ ಹೋಗಿ. ಬೆನ್ನು ಕೊಡ್ಬೇಡಿ, ಎದೆಯೂ ಕೊಡ್ಬೇಡಿ."

ಮೊದಲ ಸಲ ಅವಳು ತಡಮಾಡಿದಳು, ತೆರೆ ಹೊರಳಿಸಿತು. ಎರಡನೆಯ ಸಲ ಕಣ್ಣು ಮುಚ್ಚಿದಳು, ಮತ್ತೆ ಹೊರಳಿಸಿತು. ತರಚಿದ ಮೊಣಕೈಗೆ ಉಪ್ಪು ತಾಗಿ ಉರಿಯುತ್ತಿತ್ತು. ಮೂರನೆಯ ಸಲ ನೀರು ಎದ್ದು ನಿಂತ ಕ್ಷಣಕ್ಕೆ ತಲೆ ತಗ್ಗಿಸಿ ನುಗ್ಗಿದಳು. ಮೇಲೆ ಏನೋ ಭಾರವಾದದ್ದು ಗುಡುಗಿಕೊಂಡು ಹಾದುಹೋಯಿತು. ತಲೆ ಎತ್ತಿದಾಗ ಆಚೆ ಬದಿಯಲ್ಲಿ ಸಮತಟ್ಟಾದ ನೀರಿನಲ್ಲಿ ತೇಲುತ್ತಿದ್ದಳು. ತೆರೆ ಹಿಂದೆ ದಡದ ಕಡೆಗೆ ಓಡುತ್ತಿತ್ತು. ಬಾವಿಯ ನೀರಿಗಿಂತ ಈ ನೀರು ಹೆಚ್ಚು ಎತ್ತಿ ಹಿಡಿಯುತ್ತದೆಂದು ಆಗ ಗಮನಕ್ಕೆ ಬಂತು. ಹಾಗೆ ಇಪ್ಪತ್ತು ಸಲವಾದರೂ ಮಾಡಿದಳು. ರಾಜೀವಿ ಇನ್ನೊಂದನ್ನೂ ತೋರಿಸಿದಳು: ತೆರೆ ಒಡೆಯದೆ ನೀರು ಸುಮ್ಮನೆ ಮಲಗಿದ ಹಾಗೆ ಕಾಣುವ ಒಂದು ಪಟ್ಟಿ.

"ಅಲ್ಲಿಗೆ ಮಾತ್ರ ಮಕ್ಕಳನ್ನು ಬಿಡ್ಬೇಡಿ. ಕಡಲು ವಾಪಸು ಹೋಗುವ ದಾರಿ ಅದು. ಯಾವಾಗ್ಲಾದ್ರೂ ಸಿಕ್ಕಿಬಿದ್ರೆ ದಡಕ್ಕೆ ಈಜ್ಬೇಡಿ. ಅಡ್ಡಕ್ಕೆ ಈಜಿ."

ಒಂಬತ್ತು ಗಂಟೆಗೆ ಮಕ್ಕಳೆಲ್ಲ ದೋಣಿಯಲ್ಲಿ ಬಂದರು. ಕೊಲ್ಲಿಗೆ ಅಡ್ಡವಾಗಿ ಎರಡು ಬಂಡೆಗಳ ನಡುವೆ ರಂಪಣಿಯ ಹಳೆಯ ಹಗ್ಗ ಕಟ್ಟಿತ್ತು. ಹಗ್ಗದ ಆಚೆ ರಾಜೀವಿ, ಈಚೆ ಕಮಲಾದೇವಿ. ಐದಾರು ಹುಡುಗಿಯರ ತಂಡ, ಒಬ್ಬೊಬ್ಬರ ಕೈಯೂ ಹಗ್ಗದ ಮೇಲೆ. ಅನಂತಪದ್ಮನಾಭ ಬಂಡೆಯ ಮೇಲಿನಿಂದ ತಲೆ ಎಣಿಸುತ್ತಿದ್ದರು. ಎಣಿಸಿ ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಎಣಿಸುತ್ತಿದ್ದರು. ಮೊದಲ ತಂಡ ಇಳಿಯುತ್ತಿದ್ದಂತೆ ಎದ್ದ ಕೂಗು ಊರೊಳಗೂ ಕೇಳಿಸಿತೆಂದು ಆಮೇಲೆ ಹೇಳಿದರು.

ಸರಸ್ವತಿ ಬಂಡೆಯ ನೆರಳಲ್ಲಿ ಕೂತು ಎಲ್ಲರ ಬಳೆ, ಟೇಪು, ಟವೆಲುಗಳನ್ನು ಕಾಯುತ್ತಿದ್ದಳು. ಎರಡನೆಯ ತಂಡವೂ ಮುಗಿಯಿತು. ಉತ್ತರದ ಸುದ್ದಿಯಿಲ್ಲ.

ಅನಂತಪದ್ಮನಾಭ ಕೆಳಗಿಳಿದು ಬಂದು ತಗ್ಗಿದ ದನಿಯಲ್ಲಿ ಹೇಳಿದರು: "ಪಾಪ, ಅವಳೂ ಒಂದ್ಸಲ ಇಳಿದು ಹೋಗ್ಲಿ ಬಿಡಿ. ಅವರಪ್ಪ ಇಲ್ಲಿ ನೋಡೋಕೆ ಬರ್ತಾರಾ?"

"ಬರಲ್ಲ ಸಾರ್. ಅದಕ್ಕೇ ಆಗಲ್ಲ."

"ನಿನ್ನೆ ನಾನು ಬೇಡ ಅಂದೆ, ನೀವು ಬೇಕು ಅಂದ್ರಿ. ಇವತ್ತು ಉಲ್ಟಾ."

"ನಿನ್ನೆ ನಂದು ಧೈರ್ಯದ ಪ್ರಶ್ನೆ ಇತ್ತು. ಇದು ಮಾತಿನ ಪ್ರಶ್ನೆ."

ಸರಸ್ವತಿಗೆ ಕೇಳಿಸಿತು. ಅವಳು ತಲೆ ಬಗ್ಗಿಸಿ ಬಳೆಗಳನ್ನು ಬಣ್ಣಬಣ್ಣಕ್ಕೆ ವಿಂಗಡಿಸತೊಡಗಿದಳು. ಕಮಲಾದೇವಿ ಮತ್ತೆ ಆ ಕಡೆ ನೋಡದೆ ಮೂರನೆಯ ತಂಡವನ್ನು ಇಳಿಸಿದಳು.

ಹನ್ನೊಂದರ ಸುಮಾರಿಗೆ ಹೊಳೆಯ ಕಡೆಯಿಂದ ಖಾಕಿ ಅಂಗಿಯ ಅಂಚೆ ಜವಾನ ಬಂಡೆಯಿಂದ ಬಂಡೆಗೆ ಕಾಲಿಡುತ್ತ ಬಂದ. ಕಮಲಾದೇವಿ ನೀರಿನಿಂದ ಹೊರಬಂದು, ಕೈ ಒರೆಸಿಕೊಂಡು ಲಕೋಟೆ ಒಡೆದಳು. ಮೂರೇ ಪದ. ಗಟ್ಟಿಯಾಗಿ ಓದಿದಳು:

"ನೀ ಡೀಪ್ ಓನ್ಲಿ."

"ನೀ ಅಂದ್ರೆ ನಾನಾ ಟೀಚರ್?" ಎಂದಳು ಸರಸ್ವತಿ. "ನಾನೊಬ್ಬಳೇನಾ?"

ಅನಂತಪದ್ಮನಾಭ ನಕ್ಕುಬಿಟ್ಟರು. "ನೀ ಅಂದ್ರೆ ಇಂಗ್ಲಿಷಲ್ಲಿ ಮೊಣಕಾಲು ಕಣೇ. ಮೊಣಕಾಲು ಮಟ್ಟ ಮಾತ್ರ ಅಂದಿದಾರೆ ನಿಮ್ಮಪ್ಪ."

ಸರಸ್ವತಿ ಎದ್ದು ಬಳೆಗಳನ್ನು ಅವರ ಕೈಗೆ ಒಪ್ಪಿಸಿದಳು. ಲಂಗ ಎತ್ತಿ ಕಟ್ಟಿಕೊಂಡು, ಕಮಲಾದೇವಿಯ ಕೈ ಹಿಡಿದು ನೀರಿಗೆ ಕಾಲಿಟ್ಟಳು. ಪಾದ ಮುಳುಗಿತು, ಕಣಕಾಲು ಮುಳುಗಿತು. ನೀರು ಮೊಣಕಾಲಿನ ಚಿಪ್ಪು ಮುಟ್ಟಿದ ಕಡೆ ಸರಿಯಾಗಿ ನಿಂತಳು. ಬೊಗಸೆಯಲ್ಲಿ ನೀರೆತ್ತಿ ಮುಖದ ಹತ್ತಿರ ಹಿಡಿದು ನೋಡಿ, "ನೀಲಿ ಇಲ್ಲ ಟೀಚರ್. ಬಣ್ಣಾನೇ ಇಲ್ಲ," ಎಂದಳು. ನಾಲಿಗೆಗೆ ಮುಟ್ಟಿಸಿ ಮುಖ ಹಿಂಡಿದಳು. ಆಮೇಲೆ ಸ್ವಲ್ಪ ಹೊತ್ತು ತನ್ನ ಮೊಣಕಾಲನ್ನೂ ನೀರನ್ನೂ ನೋಡುತ್ತ ನಿಂತಳು.

"ಟೀಚರ್, ಮುಂದೆ ಒಂದು ಹೆಜ್ಜೇನೂ ಇಡಲ್ಲ. ಇಲ್ಲೇ ಕೂತ್ಕೊಳ್ಳಾ?"

ಕಮಲಾದೇವಿ ಯೋಚಿಸಿದಳು. ಮೂರು ಪದಗಳನ್ನು ಮನಸ್ಸಿನಲ್ಲೇ ಮತ್ತೆ ಓದಿದಳು. ನೀರಿನ ಆಳ ಮೊಣಕಾಲುದ್ದವೇ. ಕೂತರೂ ಅದು ಬದಲಾಗುವುದಿಲ್ಲ.

"ನನ್ನ ಕೈ ಬಿಡ್ಬೇಡ. ಕೂತ್ಕೋ."

ಹುಡುಗಿ ನಿಧಾನವಾಗಿ ಕೂತಳು. ನೀರು ಕುತ್ತಿಗೆಯವರೆಗೆ ಬಂತು. ಹೊರಗಿನ ತೆರೆಯ ಕೊನೆಯ ಅಲೆ ಒಳಬಂದು ಅವಳನ್ನು ಅಂಗುಲದಷ್ಟು ಎತ್ತಿ, ಮರಳಿನ ಮೇಲೆ ಮತ್ತೆ ಕೂರಿಸಿತು. ಅವಳು ಕೂಗಲಿಲ್ಲ, ನಗಲಿಲ್ಲ. ಕಣ್ಣು ಅಗಲಿಸಿಕೊಂಡು, ಪ್ರತಿ ಸಲ ಎತ್ತಿದಾಗಲೂ ಟೀಚರ ಕೈಯನ್ನು ಒತ್ತಿದಳು. ಅರ್ಧ ಗಂಟೆ ಹಾಗೆಯೇ ಕೂತಿದ್ದಳು. ಉಳಿದ ಹುಡುಗಿಯರೂ ಒಬ್ಬೊಬ್ಬರಾಗಿ ಬಂದು ಅವಳ ಸುತ್ತ ಕುತ್ತಿಗೆಯುದ್ದದ ನೀರಿನಲ್ಲಿ ಕೂತರು.

ಮಕ್ಕಳೆಲ್ಲ ತಲೆ ಒರೆಸಿಕೊಂಡು ಅವಲಕ್ಕಿ ತಿನ್ನುತ್ತಿದ್ದಾಗ ಕಮಲಾದೇವಿ ಮತ್ತೊಮ್ಮೆ ನೀರಿಗಿಳಿದಳು. ಈ ಸಲ ಯಾರಿಗೂ ಕಲಿಸಲಿಕ್ಕಲ್ಲ. ಕೊಲ್ಲಿಯ ಬಾಯಿಯಲ್ಲಿ ತೆರೆಯ ಅಡಿ ನುಗ್ಗಿ, ನೂರು ಮಾರು ಆಚೆಯಿದ್ದ ಒಂಟಿ ಬಂಡೆಯವರೆಗೆ ಈಜಿ, ಅದನ್ನು ಅಂಗೈಯಿಂದ ತಟ್ಟಿದಳು. ಅಲ್ಲಿಂದ ನೋಡಿದರೆ ಎಡಕ್ಕೆ ಹೊಯ್ಗೆಪೇಟೆಯ ಮರಳು, ಬಲಕ್ಕೆ ಕಲ್ಲುಕೋಡಿಯ ಕರಿ ಬಂಡೆಗಳು, ನಡುವೆ ಹೊಳೆಯ ಬಾಯಿ. ಎರಡೂ ಊರು ಒಂದೇ ನೋಟದಲ್ಲಿ. ದಡದಲ್ಲಿ ಹುಡುಗಿಯರು ಎದ್ದುನಿಂತು ಟವೆಲು ಬೀಸುತ್ತಿದ್ದರು. ಅವಳು ಉಸಿರು ಸುಧಾರಿಸಿಕೊಂಡು ವಾಪಸು ಹೊರಟಳು.

ಸೋಮವಾರ ಸಂಜೆ ಸ್ಕೂಲು ಬಿಟ್ಟ ಮೇಲೆ ಕಮಲಾದೇವಿ ಕರಿಬಸವಯ್ಯನ ಅಂಗಡಿಗೆ ಹೋದಳು. ಗಿರಾಕಿಗಳಿಗಾಗಿ ಹರಡಿದ್ದ ಸೀರೆಗಳನ್ನು ಅವನು ಮಡಿಸುತ್ತಿದ್ದ. ಅವಳನ್ನು ಕಂಡು ಎದ್ದು ಕೈಮುಗಿದ.

"ಒಂದು ವಿಷಯ ಹೇಳ್ಬೇಕಿತ್ತು. ಸರಸ್ವತಿ ನೀವು ಬರೆದ ಹಾಗೇ ಮೊಣಕಾಲು ಮಟ್ಟದ ನೀರಲ್ಲೇ ಇದ್ದಳು. ಆದ್ರೆ ಅದರಲ್ಲಿ ಕೂತ್ಕೊಂಡಳು. ಕುತ್ತಿಗೆವರೆಗೂ ನೆನೆದಳು. ಕೂತ್ಕೋ ಅಂದವಳು ನಾನು. ಅವಳು ಕೈ ಬಿಡಲಿಲ್ಲ, ನಾನೂ ಬಿಡಲಿಲ್ಲ. ನಿಮಗೆ ಬೇರೆಯವರ ಬಾಯಿಂದ ಗೊತ್ತಾಗೋದು ಬೇಡ ಅಂತ ಬಂದೆ."

ಕರಿಬಸವಯ್ಯ ಕೈಯಲ್ಲಿದ್ದ ಸೀರೆಯನ್ನು ನಾಲ್ಕು ಮಡಿಕೆ ಮಾಡಿದ, ಎಂಟು ಮಡಿಕೆ ಮಾಡಿದ. ಮೇಲಿನ ಸುಕ್ಕನ್ನು ಅಂಗೈಯಿಂದ ಸವರಿದ.

"ಮಗಳು ನೆನ್ನೆಯೇ ಹೇಳಿದ್ಲು," ಎಂದ. "ನೀವ್ ಹೇಳ್ತೀರೋ ಇಲ್ವೋ ಅಂತ ಕಾಯ್ತಿದ್ದೆ."

"ಕೂತ್ಕೋಬೇಡ ಅಂತ ನಾನು ಬರೀಲಿಲ್ವಲ್ಲ ಟೀಚರ್," ಎಂದು ಅವನು ಸೀರೆಯನ್ನು ಕಪಾಟಿಗೆ ಸೇರಿಸಿದ. ಆಮೇಲೆ ತಿರುಗದೆಯೇ ಕೇಳಿದ: "ಆ ಸುದ್ದಗುಂಟೆಪಾಳ್ಯದ ಹೆಂಗಸು ಭಾನುವಾರ ಎಷ್ಟು ಗಂಟೆಗೆ ಕಲಿಸ್ತಾಳೆ?"

"ಬೆಳಿಗ್ಗೆ ಆರಕ್ಕೆ. ಹಳೇ ಬಟ್ಟೆ ತರ್ಬೇಕು. ತಿಂಡಿ ತಿಂದಿರಬಾರದು."

"ಕಳಿಸ್ತೀನಿ," ಎಂದ ಕರಿಬಸವಯ್ಯ. "ನಾನೂ ಬಂದು ಮೇಲೆ ಕೂತಿರ್ತೀನಿ."